ಹಳೆಯ ರೀಪ್ರೊಡ್ಯೂಸಿಂಗ್ ಪಿಯಾನೋಗಳು ವಾದಕರ ಜೋರು-ಮೆಲುವನ್ನು ಹೇಗೆ ಹಿಡಿಯುತ್ತಿದ್ದವು?

ವಾದಕರು ನುಡಿಸಿದ್ದನ್ನು ತೂತು ಕೊರೆದ ಕಾಗದದ ಸುರುಳಿಯಿಂದ (ರೋಲ್) ತಾನಾಗಿಯೇ ಮತ್ತೆ ನುಡಿಸುವ ಪಿಯಾನೋಗಳಿವು. ಯಾವ ಸ್ವರ, ಎಷ್ಟು ಹೊತ್ತು ಅನ್ನುವುದು ಸುಲಭದ ಭಾಗ. ಕೀಲಿ ಒತ್ತಿದಾಗ ವಿದ್ಯುತ್ ಹರಿದು, ಓಡುವ ಕಾಗದದ ಮೇಲೆ ಗುರುತು ಬೀಳುತ್ತಿತ್ತು. ಆಮೇಲೆ ಅಲ್ಲಿ ತೂತು ಕೊರೆದರೆ ಆಯಿತು. ಕಷ್ಟ ಇದ್ದದ್ದು ಜೋರು-ಮೆಲುವಿನಲ್ಲೇ.

1904ರಲ್ಲಿ ಜರ್ಮನಿಯ ಫ್ರೈಬರ್ಗ್‌ನಿಂದ ಬಂದ ವೆಲ್ಟೆ-ಮಿನ್ಯೋನ್ ಎಂಬ ಇಂಥ ವ್ಯವಸ್ಥೆ ತನ್ನ ವಿಧಾನವನ್ನು ಗುಟ್ಟಾಗಿಯೇ ಇಟ್ಟಿತು. ಅದರ ಬಗ್ಗೆ ಇವತ್ತಿಗೂ ವಾದ ನಡೆಯುತ್ತದೆ. ಅಮೆರಿಕದ ಡ್ಯುಯೋ-ಆರ್ಟ್‌ನಲ್ಲಿ ವಾದಕ ನುಡಿಸುತ್ತಿರುವಾಗಲೇ ಪಕ್ಕದಲ್ಲಿ ಕೂತ ಸಂಗೀತ ಬಲ್ಲವರೊಬ್ಬರು ಕಿವಿಗೆ ಕೇಳಿದಂತೆ ಡಯಲ್ ತಿರುಗಿಸುತ್ತಿದ್ದರು. ಅಂದರೆ ಆ ರೋಲ್‌ಗಳ ಜೋರು-ಮೆಲುವಿನಲ್ಲಿ ಇನ್ನೊಬ್ಬರ ಕಿವಿಯೂ ಸೇರಿದೆ. ಸಮಯದ ವಿಷಯದಲ್ಲಿ ನಾನು ರೋಲ್‌ಗಳನ್ನು ಜಾಸ್ತಿ ನಂಬುವುದು ಇದಕ್ಕೇ.

ನಿಜವಾಗಿ ಅಳತೆ ಮಾಡಿದ್ದು ಅಮೆರಿಕದ್ದೇ ಇನ್ನೊಂದು ವ್ಯವಸ್ಥೆ, ಆಂಪಿಕೋ. 1920ರ ದಶಕದ ಕೊನೆಯ ಭಾಗದಲ್ಲಿ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅಲ್ಲಿ ಒಂದು ಚಂದದ ಉಪಾಯ ಮಾಡಿದರು. ಸುತ್ತಿಗೆ ತಂತಿಗೆ ಬಡಿಯುವ ಮುಂಚಿನ ಕೊನೆಯ ಚೂರು ದೂರದ ಎರಡು ತುದಿಯಲ್ಲಿ ಒಂದೊಂದು ಕಿಡಿ ಹಾರಿ ಓಡುವ ಕಾಗದದಲ್ಲಿ ಗುರುತು ಬೀಳುತ್ತಿತ್ತು. ಗುರುತುಗಳು ಹತ್ತಿರ ಇದ್ದರೆ ಸುತ್ತಿಗೆ ವೇಗವಾಗಿ ಹೋಗಿದೆ, ಸ್ವರ ಜೋರು. ದೂರ ಇದ್ದರೆ ಮೆಲು. ಪಿಯಾನೋದಲ್ಲಿ ಸದ್ದಿನ ಗಾತ್ರ ಸುತ್ತಿಗೆಯ ವೇಗದ್ದೇ ಆಟ ಅಲ್ವಾ, ಹಾಗಾಗಿ ಇದು ಸರಿಯಾದ ಜಾಗಕ್ಕೇ ಕೈ ಹಾಕಿದ ಹಾಗೆ.

ಮತ್ತೆ ನುಡಿಸುವಾಗ ಸುತ್ತಿಗೆಗಳನ್ನು ಓಡಿಸುತ್ತಿದ್ದದ್ದು ಗಾಳಿಯ ಎಳೆತ. ಜೋರು-ಮೆಲುವಿಗೆ ತಕ್ಕಂತೆ ಅದರ ಬಲ ಬದಲಾಗುತ್ತಿತ್ತು. ಡ್ಯುಯೋ-ಆರ್ಟ್‌ನಲ್ಲಿ 1, 2, 4, 8 ಎಂಬ ನಾಲ್ಕು ತೂತುಗಳನ್ನು ಕೂಡಿಸಿ 16 ಹಂತ ಸಿಗುತ್ತಿದ್ದವು. ಆದರೆ ಬಲ ಪ್ರತಿ ಕೀಲಿಗೆ ಬೇರೆ ಬೇರೆ ಇರಲಿಲ್ಲ. ಹಾಗಾಗಿ ಒಟ್ಟಿಗೆ ಬರುವ ಸ್ವರಗಳಲ್ಲಿ ಒಂದನ್ನು ಎತ್ತಿ ತೋರಿಸಲು, ಅದರ ತೂತನ್ನು ಉಳಿದವುಗಳಿಂದ ಕೂದಲೆಳೆಯಷ್ಟು ಸರಿಸುತ್ತಿದ್ದರು, ಆ ಚೂರು ಹೊತ್ತಿನಲ್ಲಿ ಬಲ ಬದಲಾಗಲಿ ಅಂತ.