ನೋಟೀಸಿನಲ್ಲಿ ಹೆಸರಿಲ್ಲದವರು

ಕುಂದಾಪುರದ ಕಡೆಯವರು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: "ಸಣ್ಣವನಿದ್ದಾಗ ಅಜ್ಜನ ಜೊತೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಲು ಹೋಗುತ್ತಿದ್ದೆ. ಆ ಹುಚ್ಚು ಇನ್ನೂ ಬಿಟ್ಟಿಲ್ಲ. ನಿದ್ದೆಗೆಟ್ಟು ನಿನಗೆ ಸಿಕ್ಕಿದ್ದೇನು ಅಂತ ಮನೆಯಲ್ಲಿ ಕೇಳುತ್ತಾರೆ, ಉತ್ತರ ಹೊಳೆಯುವುದಿಲ್ಲ. ಅಭಿಮಾನಿಗಳು ಮೆಚ್ಚಿನ ಕಲಾವಿದರಿಗೆ ಥ್ಯಾಂಕ್ಸ್ ಹೇಳುವ ಅಂಕಣವೊಂದು ನಿಮ್ಮ ಪತ್ರಿಕೆಯಲ್ಲಿ ಯಾಕಿರಬಾರದು?"

ಅಂಕಣ ಇರಲಿ, ನನ್ನ ತಕರಾರಿಲ್ಲ. ಆದರೆ ಕಲಾವಿದರಿಂದಲೇ ಶುರು ಮಾಡಬೇಕಾ? ಅವರಿಗೆ ಶಾಲು, ಹಾರ, ಸನ್ಮಾನ ಇದೆ. ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀಯೂ ಬಂತು. (ತಡವಾಗಿ ಬಂತು ಅನ್ನುವವರಿದ್ದಾರೆ, ನಾನೂ ಅವರಲ್ಲೊಬ್ಬ.) ಅಭಿಮಾನಿಗೆ ಸಿಕ್ಕಿದ್ದರಲ್ಲಿ ಅರ್ಧಕ್ಕರ್ಧ ಬೇರೆಯವರು ಕೊಟ್ಟದ್ದು. ಅವರ ಹೆಸರು ಆಟದ ನೋಟೀಸಿನಲ್ಲಿ ಇರುವುದಿಲ್ಲ. ಇದ್ದರೂ ನಾವು ಓದುವುದಿಲ್ಲ.

ಹರಕೆ ಆಟವನ್ನೇ ನೋಡಿ. ಯಾರದೋ ಮನೆಯಲ್ಲಿ ಮಗುವಿಗೆ ಹುಷಾರಿರಲಿಲ್ಲ, ಕಟೀಲಿನ ದೇವಿಗೋ ಮಂದಾರ್ತಿಯ ದೇವಿಗೋ ಆಟ ಆಡಿಸುತ್ತೇವೆ ಅಂತ ಹರಕೆ ಹೇಳಿಕೊಂಡರು. ಹರಕೆ ತೀರಿಸಲು ವರ್ಷಗಟ್ಟಲೆ ಸರದಿ ಕಾದರು. ಕೊನೆಗೊಂದು ದಿನ ಗದ್ದೆಯಲ್ಲಿ ರಂಗಸ್ಥಳ ಎದ್ದಿತು, ಬಂದವರಿಗೆಲ್ಲ ಊಟವೂ ಆಯಿತು. ಹರಕೆ ಅವರದು, ಖರ್ಚು ಅವರದು, ಮುಂದಿನ ಸಾಲಿನ ಕುರ್ಚಿ ಮಾತ್ರ ನಮ್ಮದು! ಟಿಕೆಟ್ ಕೇಳುವವರಿಲ್ಲ. ನೀನು ಯಾವ ಮನೆಯವನು ಅಂತಲೂ ಕೇಳುವುದಿಲ್ಲ.

ಇನ್ನು ಚೌಕಿ, ಅಂದರೆ ವೇಷದವರು ಬಣ್ಣ ಹಚ್ಚಿಕೊಳ್ಳುವ ಜಾಗ. ಸಿನಿಮಾ ನಟರ ಮೇಕಪ್ ಕೋಣೆಯ ಬಾಗಿಲಿಗೆ ಹೋಗಿ ನಿಂತರೆ ಏನಾಗುತ್ತದೆ ಅಂತ ಗೊತ್ತಲ್ವಾ? ಇಲ್ಲಿ ಗಣಪತಿಗೆ ಕೈಮುಗಿದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರಾಯಿತು. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತಿರುತ್ತಾರೆ. ಒಂದು ಕೈಯಲ್ಲಿ ಸಣ್ಣ ಕನ್ನಡಿ. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯ ತುದಿಯಲ್ಲಿ ಇಷ್ಟಿಷ್ಟೇ ಎತ್ತಿ, ಕೆನ್ನೆಯ ಮೇಲೆ ಮುಳ್ಳುಮುಳ್ಳಾಗಿ ಚುಟ್ಟಿ ಇಡುತ್ತಾರೆ. ಗಂಟೆಗಟ್ಟಲೆ ಕೆಲಸ ಅದು. ಪಕ್ಕದಲ್ಲಿ ಬಾಯಿ ತೆರೆದು ನಿಂತ ಮಕ್ಕಳನ್ನು ಯಾರೂ ಓಡಿಸುವುದಿಲ್ಲ. ಅರ್ಧ ಮುಖಕ್ಕಷ್ಟೇ ರಾಕ್ಷಸ ಬಂದಿರುತ್ತಾನೆ, ಉಳಿದರ್ಧದಲ್ಲಿ "ಯಾವ ಊರು ಮಾಣಿ?" ಅಂತ ವಿಚಾರಿಸುತ್ತಾರೆ. ಎಷ್ಟೋ ಜನರ ಹುಚ್ಚು ಹತ್ತಿಕೊಂಡಿದ್ದು ಅಲ್ಲಿಯೇ, ರಂಗಸ್ಥಳದ ಮುಂದಲ್ಲ.

ಮೆಚ್ಚಿನವರ ಎದುರು ನಿಂತು ಮಾತಾಡುವ ಎದುರು ವೇಷದವರ ಋಣವೂ ಇದೆ. ಪ್ರಸಂಗ (ಆಡುವ ಕಥೆ) ಪುಸ್ತಕದಲ್ಲಿ ಇರುವುದು ಪದ್ಯ. ಮಾತು ಆ ರಾತ್ರಿ ಅಲ್ಲೇ ಹುಟ್ಟಬೇಕು. ಕೃಷ್ಣ ಸಂಧಾನದ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬಂದು ಕೃಷ್ಣನಾಗಿ ಮಾತಾಡಿದ ಅರ್ಥಧಾರಿಯನ್ನು ಹೊಗಳುತ್ತೇವೆ. ಕೌರವ ಸರಿಯಾದ ಪ್ರಶ್ನೆ ಎಸೆಯದಿದ್ದರೆ ಆ ಮಾತು ಬರುತ್ತಲೇ ಇರಲಿಲ್ಲ. ಹಾಗಾಗಿಯೇ ಅದೇ ಪ್ರಸಂಗಕ್ಕೆ ಮತ್ತೆ ಮತ್ತೆ ಹೋಗುತ್ತೇವೆ, ಕಥೆ ಗೊತ್ತಿಲ್ಲದೆ ಅಲ್ಲ. ಮೆಚ್ಚಿನವರು ಕುಣಿಯುವಾಗ ಎದುರಿನವರ ಮಾತು ಕೇಳದಷ್ಟು ಸಿಳ್ಳೆ ಹಾಕುವ ಅಭಿಮಾನ ನನಗೆ ಹಿಡಿಸುವುದಿಲ್ಲ. ಸಿಳ್ಳೆಗೋಸ್ಕರ ಕುಣಿತ ಎಳೆದು, ಪದ್ಯದ ಭಾವ ಹೋಗಿ, ಬರೀ ಕಸರತ್ತು ಉಳಿದ ಆಟಗಳನ್ನು ನೀವೂ ನೋಡಿರುತ್ತೀರಿ.

ಭಾಗವತರಾಗಿದ್ದ, ಅಂದರೆ ಪ್ರಸಂಗದ ಪದ್ಯ ಹಾಡುತ್ತಿದ್ದ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತು ದಾಟಿತ್ತಷ್ಟೆ. ಆಮೇಲೆ ಹುಟ್ಟಿದವರಲ್ಲೂ ಅವರ ಅಭಿಮಾನಿಗಳು ಬೇಕಾದಷ್ಟು ಜನ ಇದ್ದಾರೆ. ಹೇಗೆ? ಯಾರೋ ಪುಣ್ಯಾತ್ಮರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ಕ್ಯಾಸೆಟ್ಟಿನ ಮಗ್ಗುಲು ಬದಲಿಸಲು ರಾತ್ರಿಯಿಡೀ ಎಚ್ಚರವಿದ್ದರು. ಅಂಥ ಹಳೇ ಕ್ಯಾಸೆಟ್ಟಿನಲ್ಲಿ ಮೈಕ್ ಕಿರುಚುತ್ತದೆ, ಪಕ್ಕದಲ್ಲಿ ಯಾರೋ ಕೆಮ್ಮುತ್ತಾರೆ. ನಡುವೆ ಭಾಗವತರ ಸ್ವರ ಏರಿತೆಂದರೆ ಕೆಮ್ಮು ಲೆಕ್ಕಕ್ಕೇ ಬರುವುದಿಲ್ಲ. ರೆಕಾರ್ಡ್ ಮಾಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ತೆಂಕಿನ ಶೈಲಿ ಮೇಲೋ ಬಡಗಿನ (ಉತ್ತರದ) ಶೈಲಿ ಮೇಲೋ ಅಂತ ಬೆಳಗಿನ ಬಸ್ಸಿನಲ್ಲಿ ಜಗಳ ಆಡಿದವರನ್ನೂ ಮರೆಯಬೇಡಿ. ಮೆಚ್ಚಿದ್ದು ಯಾಕೆ ಅಂತ ವಿವರಿಸಲು ನಾವು ಕಲಿತಿದ್ದೇ ಅವರ ಕಾಟಕ್ಕೆ.

ಮನೆಯವರಿಗೆ ಏನು ಹೇಳಬೇಕು ಅಂದರೆ, ಸುಮ್ನೆ ವಾದ ಮಾಡಬೇಡಿ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಊರಲ್ಲಿ ಮೇಳಗಳ (ಯಕ್ಷಗಾನ ತಂಡಗಳ) ತಿರುಗಾಟ ಮುಗಿದ ಮೇಲೆ, ಮಳೆಗಾಲದಲ್ಲಿ ಅವುಗಳ ಕಲಾವಿದರು ಬೆಂಗಳೂರಿಗೂ ಬರುತ್ತಾರೆ. ರವೀಂದ್ರ ಕಲಾಕ್ಷೇತ್ರಕ್ಕೆ ಮನೆಯವರನ್ನೂ ಕರೆದುಕೊಂಡು ಹೋಗಿ. ಈಗ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಆಟಗಳೇ ಜಾಸ್ತಿ, ನಿದ್ದೆಯ ಚಿಂತೆ ಬೇಡ. ಪಕ್ಕದಲ್ಲಿ ಕೂತು, ಈಗ ಬಂದದ್ದು ಯಾರು, ಯಾಕೆ ಸಿಟ್ಟಾಗಿದ್ದಾನೆ ಅಂತ ಮೆಲ್ಲಗೆ ಹೇಳುತ್ತಾ ಇರಿ. ಅವರಿಗೆ ಬೇಜಾರಾದರೆ ಅರ್ಧಕ್ಕೇ ಎದ್ದು ಬನ್ನಿ, ಪರವಾಗಿಲ್ಲ.

ಅಂಕಣವನ್ನು ಮುಂದಿನ ಸಂಚಿಕೆಯಿಂದ ಶುರು ಮಾಡೋಣ. ಒಂದೇ ಷರತ್ತು: ಬಣ್ಣ ಹಚ್ಚಿದವರ ಬಗ್ಗೆ ಬರೆಯುವ ಹಾಗಿಲ್ಲ. ಮೊದಲ ಬರಹ ನೀವೇ ಕಳಿಸಿ, ನಿಮ್ಮ ಅಜ್ಜನ ಬಗ್ಗೆ. ಎರಡು ಪುಟ ಮೀರದಿರಲಿ.