ಪೊಲೀಸ್ ನಾಯಿ ಪಕ್ಕದ ಮನೆ ಮುಂದೆ ನಿಂತರೆ ಅವರೇ ಕಳ್ಳರೇ?

ಪ್ರಶ್ನೆ: ನಮ್ಮ ಮನೆಯಲ್ಲಿ ರಾತ್ರಿ ಕಳ್ಳತನವಾಯಿತು. ಬೆಳಿಗ್ಗೆ ಬಂದ ಶ್ವಾನದಳದ ನಾಯಿ ಬೀರು ಮೂಸಿ, ಪಕ್ಕದ ಮನೆಯ ಗೇಟಿನ ಹತ್ತಿರ ತುಸು ನಿಂತು, ಆಮೇಲೆ ಮುಖ್ಯರಸ್ತೆವರೆಗೆ ಓಡಿ ಅಲ್ಲೇ ಸುತ್ತತೊಡಗಿತು. ಈಗ ಬೀದಿಯವರೆಲ್ಲ ಪಕ್ಕದ ಮನೆ ಹುಡುಗನತ್ತ ಬೊಟ್ಟು ಮಾಡುತ್ತಿದ್ದಾರೆ. ನಾಯಿ ತೋರಿಸಿದ್ದೇ ಸಾಕ್ಷಿಯೇ? ಅಲ್ಲವಾದರೆ ಅದನ್ನು ಕರೆತರುವುದಾದರೂ ಏಕೆ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಹುಡುಗನ ವಿಷಯ. ನಾಯಿ ಗೇಟಿನ ಮುಂದೆ ನಿಂತಿತು ಎಂಬುದಷ್ಟರಿಂದಲೇ ಯಾರೂ ಅಪರಾಧಿಯಾಗುವುದಿಲ್ಲ. ಶ್ವಾನದಳವನ್ನು ತನಿಖೆಗೆ ಬಳಸಬಹುದು, ಆದರೆ ನಾಯಿಯ ಮೂಗನ್ನು ಸಾಕ್ಷ್ಯವಾಗಿ ನೆಚ್ಚಲಾಗದು ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಕಟಕಟೆಯಲ್ಲಿ ನಾಯಿಯನ್ನು ಪಾಟೀಸವಾಲು ಮಾಡುವವರು ಯಾರು? ಅದು ಕಂಡುಕೊಂಡದ್ದನ್ನು ಹ್ಯಾಂಡ್ಲರ್ (ನಾಯಿಯನ್ನು ನಡೆಸುವ ಪೊಲೀಸ್ ಸಿಬ್ಬಂದಿ) ಹೇಳಬೇಕು, ಅದೂ ಅವರ ಊಹೆಯಷ್ಟೇ.

ನೀವು ಬರೆಯದ ಒಂದು ಸಂಗತಿಯೂ ಇದೆ. ಕಳ್ಳತನ ಗೊತ್ತಾದ ಕೂಡಲೇ ನೆರೆಹೊರೆಯವರು ಒಳಗೆ ಬಂದು ಬೀರು ಮುಟ್ಟಿ ನೋಡಿದ್ದರೇ? ಹಾಗಾಗಿದ್ದರೆ ನಾಯಿಗೆ ಸಿಕ್ಕಿದ್ದು ಕಳ್ಳನ ವಾಸನೆಯೋ, ಕನಿಕರಪಟ್ಟು ಬಂದವರದೋ, ಹೇಳುವುದು ಕಷ್ಟ. ನಮ್ಮ ಊರುಗಳಲ್ಲಿ ಜಾಡು ಕೆಡುವುದು ಹೆಚ್ಚಾಗಿ ಹೀಗೆಯೇ. ಬಿಸಿಲು, ಮಳೆಗಳದು ಆಮೇಲಿನ ಮಾತು.

ಮುಖ್ಯರಸ್ತೆಯಲ್ಲಿ ಸುತ್ತಿದ್ದನ್ನು ಮಾತ್ರ ಸೋಲೆಂದು ತಿಳಿಯಬೇಡಿ. ಕಳ್ಳ ಅಲ್ಲಿ ಬೈಕೋ ಆಟೋವೋ ಹತ್ತಿದ್ದರೆ ನೆಲದ ಮೇಲಿನ ವಾಸನೆ ಅಲ್ಲಿಗೇ ಕಡಿದುಹೋಗುತ್ತದೆ. ಪೊಲೀಸರಿಗೆ ಅಷ್ಟು ಗೊತ್ತಾದರೂ ಲಾಭವೇ: ಯಾವ ಅಂಗಡಿಯ ಸಿಸಿಟಿವಿ ನೋಡಬೇಕು, ಕಳ್ಳ ಎಸೆದಿರಬಹುದಾದ ಕಬ್ಬಿಣದ ಸಲಾಕೆಯನ್ನು ಯಾವ ಚರಂಡಿಯಲ್ಲಿ ಹುಡುಕಬೇಕು ಎಂಬುದು ತಿಳಿಯುತ್ತದೆ. ದಾವಣಗೆರೆ ಪೊಲೀಸರ ಡಾಬರ್‌ಮನ್ ‘ತುಂಗಾ’ 2020ರಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿ.ಮೀ. ಓಡಿ ಹೆಸರು ಮಾಡಿತು. ಆರೋಪಿಯ ಸುಳಿವು ಸಿಕ್ಕಿದ್ದು ಆ ಓಟದಿಂದ.

ಎಲ್ಲ ನಾಯಿಗಳೂ ಜಾಡು ಹಿಡಿಯುವುದಿಲ್ಲ ಎಂಬುದೂ ಗೊತ್ತಿರಲಿ. ಗಣ್ಯರು ಬರುವ ಮುನ್ನ ವೇದಿಕೆ ಮೂಸುವ ನಾಯಿಗೆ ಸ್ಫೋಟಕದ ತರಬೇತಿ ಬೇರೆ, ಮಾದಕವಸ್ತು ಪತ್ತೆಯದು ಬೇರೆ.

ಈಗ ನೀವು ಠಾಣೆಗೆ ಹೋಗಿ, ನಾಯಿ ಬರುವ ಮೊದಲು ಯಾರ್ಯಾರು ಒಳಗೆ ಬಂದಿದ್ದರು, ಏನೇನು ಮುಟ್ಟಿದ್ದರು ಎಂಬುದನ್ನು ನಿಮ್ಮ ಹೇಳಿಕೆಯಲ್ಲಿ ಬರೆಸಿ. ಆ ಹುಡುಗನೂ ಬಂದಿದ್ದರೆ ಅದನ್ನೂ ತಪ್ಪದೆ ಹೇಳಿ. ಮುಖ್ಯರಸ್ತೆಯ ಕ್ಯಾಮೆರಾಗಳ ದೃಶ್ಯ ಸಂಗ್ರಹಿಸಿದ್ದಾರೆಯೇ ಎಂದು ಇವತ್ತೇ ಕೇಳಿ, ಏಕೆಂದರೆ ಅಂಗಡಿಗಳ ಯಂತ್ರಗಳಲ್ಲಿ ಹಳೆಯದು ತಾನಾಗಿಯೇ ಅಳಿಸಿಹೋಗುತ್ತದೆ.