ಮೊದಲು ಆ ಟಾರ್ಪಾಲ್ ಬಿಚ್ಚಿ

ಪ್ರಶ್ನೆ: ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ 8 ವರ್ಷ ಇದ್ದೆ. ಅಪ್ಪನಿಗೆ ಮಂಡಿನೋವು ಜಾಸ್ತಿಯಾದ ಮೇಲೆ ತಾಳವಾಡಿ ಪಕ್ಕದ ನಮ್ಮೂರಿಗೆ ವಾಪಸ್ ಬಂದಿದ್ದೇನೆ. 2 ಸೀಮೆಹಸು, 20 ದಿನದ ಒಂದು ಕರು ಇವೆ. ಚಳಿ ಹಿಡಿದ ಮೇಲೆ ಹಾಲು ಹೊತ್ತಿಗೆ 6 ಲೀಟರಿನಿಂದ 4ಕ್ಕೆ ಇಳಿದಿದೆ. ಚಳಿ ತಗಲದಿರಲಿ ಎಂದು ಕೊಟ್ಟಿಗೆ ಸುತ್ತ ಟಾರ್ಪಾಲ್ ಕಟ್ಟಿದೆ. ಆದರೂ ಕರು ಕೆಮ್ಮುತ್ತಿದೆ. ಹಾಲು ಕರೆಯಲು ಅವ್ವ ಕೂತರೆ ಹಸು ಸುಮ್ನೆ ನಿಲ್ಲುತ್ತದೆ, ನಾನು ಕೂತರೆ ಒದೆಯುತ್ತದೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಮೊದಲು ಆ ಟಾರ್ಪಾಲ್ ಬಿಚ್ಚಿ. ಪೂರ್ತಿ ಬೇಡ, ಸೂರಿನ ಕೆಳಗೆ ಸುತ್ತಲೂ ಒಂದೂವರೆ ಅಡಿ ಸಾಕು. ಗಾಳಿ ಬಡಿಯುವ ಕಡೆ ಹಸುವಿನ ಎತ್ತರಕ್ಕೆ ಮರೆ ಇರಲಿ. ದೀಪಾವಳಿ ಬೆನ್ನಿಗೇ ಬರುವ ಗುಮ್ಮಟಾಪುರದ ಗೊರೆಹಬ್ಬ, ಅದೇ ಸಗಣಿ ಎರಚಾಟದ ಹಬ್ಬ, ಮುಗಿದು ಮಂಜು ಬೀಳಲು ಶುರುವಾದರೆ ಸಾಕು, ನಮ್ಮ ಕಡೆ ಅರ್ಧ ಊರು ಇದೇ ತಪ್ಪು ಮಾಡುತ್ತದೆ.

ನಾಳೆ ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದ ಕೂಡಲೇ ಕರು ಮಲಗಿದ್ದ ಜಾಗದಲ್ಲಿ ಮಂಡಿಯೂರಿ ಕೂತು ಉಸಿರೆಳೆದುಕೊಳ್ಳಿ. ಕಣ್ಣು ಉರಿಯಿತೇ? ಅದು ಗಂಜಲದಿಂದ ಏಳುವ ಅಮೋನಿಯಾ. ಕರು ರಾತ್ರಿಯೆಲ್ಲ ಅದನ್ನೇ ಉಸಿರಾಡಿದೆ. ಈಗ ಎದ್ದು ನಿಮ್ಮ ಪ್ಯಾಂಟ್ ನೋಡಿಕೊಳ್ಳಿ. ಮಂಡಿ ಒದ್ದೆಯಾಗಿದ್ದರೆ ಕರುವಿನ ಹೊಟ್ಟೆಯೂ ರಾತ್ರಿಯಿಡೀ ಒದ್ದೆ. ನ್ಯುಮೋನಿಯಾ ಬರಲು ಇವೆರಡು ಸಾಕು. ಬೆಚ್ಚಗಾಗಲಿ ಅಂತ ಒಳಗೆ ಹೊಗೆ ಹಾಕುವವರೂ ಇದ್ದಾರೆ, ಅದಂತೂ ಬೇಡವೇ ಬೇಡ.

ದೊಡ್ಡ ಹಸುವಿಗೆ ನಮ್ಮ ಚಳಿ ಚಳಿಯೇ ಅಲ್ಲ. ಮೈ ಒಣಗಿದ್ದು ಹೊಟ್ಟೆ ತುಂಬಿದ್ದರೆ 10 ಡಿಗ್ರಿಯಲ್ಲೂ ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ. ಹೊಟ್ಟೆಯಲ್ಲಿ ಒಣಹುಲ್ಲು ಹುಳಿಯುವಾಗ ಹುಟ್ಟುವ ಶಾಖವೇ ಅದರ ಒಲೆ. ಹಾಗಾಗಿ ರಾಗಿಹುಲ್ಲಿನ ದೊಡ್ಡ ಪಾಲನ್ನು ಸಂಜೆಗೆ ಇಟ್ಟುಕೊಳ್ಳಿ. ಮೆದೆಯಿಂದ ಎಳೆದಾಗ ಕಪ್ಪಾಗಿ ಬೂಷ್ಟಿನ ವಾಸನೆ ಬಂದ ಹುಲ್ಲು ಮಾತ್ರ ಮೇವಿಗೂ ಬೇಡ, ಹಾಸಲೂ ಬೇಡ.

20 ದಿನದ ಕರುವಿಗೆ ಈ ಒಲೆ ಇನ್ನೂ ಹೊತ್ತಿಕೊಂಡಿಲ್ಲ. ಅದು ಹಾಲಿನ ಮೇಲೇ ಬದುಕಿರುವುದು. ಹಾಲು ಇಳಿಯಿತೆಂದು ಅದರ ಪಾಲಿಗೆ ಕೈ ಹಾಕಬೇಡಿ. 30 ಕಿಲೋ ಕರುವಿಗೆ ದಿನಕ್ಕೆ 3 ಲೀಟರ್ ಬೇಕು, ಈ ತಿಂಗಳಲ್ಲಿ ಅರ್ಧ ಲೀಟರ್ ಜಾಸ್ತಿಯೇ ಕೊಡಿ. ಮಲಗಿದಾಗ ಕಾಲು ಹೂತುಹೋಗುವಷ್ಟು ಒಣಹುಲ್ಲು ಹಾಸಿ. ಬೆನ್ನಿಗೆ ಗೋಣಿ ಕಟ್ಟಿ, ಒದ್ದೆಯಾದರೆ ಬದಲಾಯಿಸಿ. ಕೆಮ್ಮು ಈಗಾಗಲೇ ಇದೆಯಲ್ಲ, ಜ್ವರ ನೋಡಿ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಥವಾ ಹಾಲು ಕುಡಿಯದಿದ್ದರೆ ಅದೇ ದಿನ ಪಶುವೈದ್ಯರನ್ನು ಕರೆಸಿ. ಜಾನುವಾರು ಸಹಾಯವಾಣಿ 1962ಕ್ಕೂ ಫೋನ್ ಮಾಡಬಹುದು. ಕೆಮ್ಮುವ ಕರುವಿನ ಬಾಯಿಗೆ ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಕಷಾಯ ಎತ್ತಬೇಡಿ. ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದರೆ ಕರು ಉಳಿಯುವುದು ಕಷ್ಟ.

ಹಾಲು ಇಳಿದದ್ದಕ್ಕೆ ನನ್ನ ಮೊದಲ ಅನುಮಾನ ನೀರಿನ ಮೇಲೆ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಅಲ್ವಾ? ರಾತ್ರಿಯೆಲ್ಲ ತೊಟ್ಟಿಯಲ್ಲಿ ನಿಂತ ನೀರು ಕೊರೆಯುತ್ತಿರುತ್ತದೆ. ಹಸು ಮೂತಿ ಅದ್ದಿ ತೆಗೆದುಬಿಡುತ್ತದೆ. ಬೋರ್‌ವೆಲ್‌ನಿಂದ ಆಗಷ್ಟೇ ಬಂದ ನೀರು ಬೆಳಗಿನ ಹೊತ್ತು ಉಗುರುಬೆಚ್ಚಗೆ ಇರುತ್ತದೆ, ಅದನ್ನು ಕೊಡಿ. ಕರೆಂಟ್ ಕೈಕೊಟ್ಟರೆ ಬೂಸಾ, ಹಿಂಡಿ ಕಲಸಲು ಒಂದು ಬಕೆಟ್ ಬಿಸಿನೀರು ಬೆರೆಸಿ.

ಇನ್ನು ಒದೆತ. ಹೆದರಿದ ಹಸು ಸೊರ ಬಿಡುವುದಿಲ್ಲ. ಕೆಚ್ಚಲಿನಲ್ಲಿ ಹಾಲಿದ್ದರೂ ಮೇಲಕ್ಕೆ ಎಳೆದುಕೊಂಡಂತೆ ನಿಲ್ಲುತ್ತದೆ. ನೀವು ತಲೆಗೆ ಟಾರ್ಚ್ ಕಟ್ಟಿಕೊಂಡು, ಸರಸರ ಸದ್ದು ಮಾಡುವ ಜಾಕೆಟ್ ಹಾಕಿಕೊಂಡು, ತಣ್ಣನೆಯ ಕೈಯಲ್ಲಿ ಮೊಲೆ ಹಿಡಿದರೆ ಅದರ ತಪ್ಪೇನು? ಒಂದು ವಾರ ಅವ್ವನ ಪಕ್ಕ ಸುಮ್ನೆ ಕೂತಿರಿ. ಅವರ ಹಳೇ ಸೀರೆಯ ತುಂಡು ಹೆಗಲ ಮೇಲೆ ಹಾಕಿಕೊಳ್ಳಿ, ಅದೇ ಹೊತ್ತಿಗೆ ಹೋಗಿ, ಅವರು ಆಡುವ ಮಾತನ್ನೇ ಆಡಿ. ಕೈ ಬಿಸಿನೀರಲ್ಲಿ ಅದ್ದಿ ಒರೆಸಿಕೊಂಡು ಕೂತುಕೊಳ್ಳಿ. ಮೊಲೆ ಒಡೆದಿದೆಯೇ ಅಂತಲೂ ನೋಡಿ, ಚಳಿಗೆ ಒಡೆದ ಮೊಲೆ ಯಾರು ಮುಟ್ಟಿದರೂ ಉರಿಯುತ್ತದೆ. ಕರೆದ ಮೇಲೆ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿ. ಕರೆದ ತಕ್ಷಣ ಮಲಗಲು ಬಿಡಬೇಡಿ. ಮೊಲೆತೂತು ಮುಚ್ಚಿಕೊಳ್ಳಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಮುಂದೆ ಮೇವು ಹಾಕಿ ನಿಲ್ಲಿಸಿ.

ಹಾಂ, ಒಂದು ಮಾತು. ರಾಗಿ ಕೊಯ್ಲಿನ ಕಾಲ, ಹೊಲಕ್ಕೆ ಆನೆ ಬರುವ ಸೀಮೆ ನಮ್ಮದು. ಕೊಟ್ಟಿಗೆ ಹೊಲದಲ್ಲಿದ್ದರೆ ಬೆಳಕು ಹರಿಯುವ ಮೊದಲು ಒಬ್ಬರೇ ಹೊರಡಬೇಡಿ. ಹಾಲು ಅರ್ಧ ಗಂಟೆ ತಡವಾದರೂ ಪರವಾಗಿಲ್ಲ.

ಪ್ರಶ್ನೆ: ಹೊಸೂರು ಕಡೆಯವಳು. ಚಳಿಗೆ ನಮ್ಮ ನಾಟಿಕೋಳಿಗಳು ಮೊಟ್ಟೆ ನಿಲ್ಲಿಸಿವೆ. ಬೆಚ್ಚಗಿಟ್ಟರೆ ಇಡುತ್ತವೆಯೇ?

ಉತ್ತರ: ಚಳಿಗಿಂತ ಬೆಳಕಿನ ಪಾತ್ರ ದೊಡ್ಡದು ಅಮ್ಮ. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ. ಚೆನ್ನಾಗಿ ಮೊಟ್ಟೆ ಇಡಲು ಕೋಳಿಗೆ 14 ಗಂಟೆಯಾದರೂ ಬೆಳಕು ಬೇಕು. ಗೂಡಿನಲ್ಲಿ ಸಣ್ಣ ಬಲ್ಬ್ ಒಂದನ್ನು ಸಂಜೆ ಎರಡೂವರೆ ಗಂಟೆ ಉರಿಸಿ ನೋಡಿ. ರೆಕ್ಕೆಪುಕ್ಕ ಉದುರುತ್ತಿರುವ ಕೋಳಿಯಾದರೆ ಬಲ್ಬ್ ಹಾಕಿದರೂ ಇಡುವುದಿಲ್ಲ. ಹೊಸ ಪುಕ್ಕ ಬರುವವರೆಗೆ ಅದರ ಪಾಡಿಗೆ ಬಿಡಿ.